ಬಿನ್ನವತ್ತಳೆಗೆ ಬಿದ್ರಿ ಅಂಚು

ನಮ್ಮದು ಬೀದರಿನಲ್ಲಿ ಸಣ್ಣದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮೇ ಕೊನೆಯ ವಾರ ಬಂತೆಂದರೆ ಬಿನ್ನವತ್ತಳೆ, ಅಂದರೆ ನಿವೃತ್ತರಾಗುವವರಿಗೆ ಕೊಡುವ ಸನ್ಮಾನಪತ್ರ, ಮಾಡಿಸಲು ಮೇಷ್ಟ್ರುಗಳ ಸಾಲು. ಶಾಲೆಗೆ ಹಾಕುವಾಗ ಜೂನ್ 1 ಎಂದು ಹುಟ್ಟಿದ ತಾರೀಖು ಬರೆಸಿದವರೆಲ್ಲ ಮೇ 31ಕ್ಕೆ ಒಟ್ಟಿಗೇ ನಿವೃತ್ತರಾಗುತ್ತಾರಲ್ಲ! ಈ ಕೆಲಸವನ್ನು ನಾನು ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ಮಾಡುವುದಿಲ್ಲ, ವರ್ಡ್‌ನಲ್ಲೇ ಮಾಡುತ್ತೇನೆ. ಕಾರಣ ಒಂದೇ. ಸಮಾರಂಭದ ಹಿಂದಿನ ರಾತ್ರಿ ಯಾರದೋ ಹೆಸರು ಬಿಟ್ಟುಹೋಗಿದೆ ಎಂದು ಫೋನ್ ಬರುತ್ತದೆ, ಆಗ ಮೇಷ್ಟ್ರೇ ತಿದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಲ್ಲದ್ದು ವರ್ಡ್ ಫೈಲ್ ಮಾತ್ರ.

ಮೊದಲ ಬಿನ್ನವತ್ತಳೆ ಮಾಡಿದಾಗ ಪೆಟ್ಟು ತಿಂದೆ. ಒಬ್ಬ ಮೇಷ್ಟ್ರು ಹಳೆಯ ಡಾಕ್ ಫೈಲ್ ತಂದಿದ್ದರು, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆ ಅಕ್ಷರದಲ್ಲಿ ಟೈಪ್ ಮಾಡಿದ್ದು. 'ಶ್ರೀ' ಎಂದು ಶುರುವಾಗುವ ಪ್ಯಾರಾಕ್ಕೆ ಮೊದಲಕ್ಷರ ದೊಡ್ಡದಾಗಿ ಬರಲಿ ಎಂದು ಡ್ರಾಪ್ ಕ್ಯಾಪ್ ಒತ್ತಿದೆ. ಮೂರು ಸಾಲಿನೆತ್ತರಕ್ಕೆ 'ಶಿ' ಒಂದೇ ಎದ್ದು ನಿಂತಿತು. ರ ಒತ್ತು ಮತ್ತು ದೀರ್ಘ ಪಕ್ಕದ ಸಾಲಿನಲ್ಲೇ ಸಣ್ಣದಾಗಿ ಉಳಿದವು, ತಾಯಿಯ ಕೈ ಬಿಟ್ಟ ಮಕ್ಕಳ ಹಾಗೆ. ಹಿಂದೆ ನಿಂತು ನೋಡುತ್ತಿದ್ದ ಮೇಷ್ಟ್ರು, "ಅಕ್ಕಾ, ನಮ್ ಸರ್ ಹೆಸರಿನ ಮುಂದ ಶಿ ಅಂತ ಬರ್ಲತ್ತದಲ್ರೀ!" ಎಂದರು.

ನುಡಿಯ ಹಳೆಯ ಫಾಂಟುಗಳಲ್ಲಿ 'ಶ್ರೀ' ಒಂದು ಅಕ್ಷರವಲ್ಲ, ಮೂರು ತುಂಡು. ಶಿ, ರ ಒತ್ತು, ದೀರ್ಘ. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಚಿಹ್ನೆಗಳು. ನಮ್ಮ ಕಣ್ಣಿಗೆ ಒಂದು ಅಕ್ಷರ, ವರ್ಡ್‌ಗೆ ಮೂರು. ಶೀರ್ಷಿಕೆ ಅಗಲವಾಗಲಿ ಎಂದು ಕ್ಯಾರೆಕ್ಟರ್ ಸ್ಪೇಸಿಂಗ್ ಹೆಚ್ಚಿಸಿದರೂ ಇದೇ ಗತಿ: ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ. ಅಕ್ಷರಕ್ಕೆ ಅಲಂಕಾರ ಮಾಡುವ ವರ್ಡ್‌ಆರ್ಟ್‌ನಲ್ಲಿ ಕಮಾನಿನಂತೆ ಬಾಗಿಸಿದರೆ ಒತ್ತುಗಳು ಒಂದೊಂದೇ ಜಾರಿ ಬೀಳುತ್ತವೆ.

ಅಂದಿನಿಂದ ಯಾವ ಫೈಲ್ ಬಂದರೂ ಮೊದಲು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ಬದಲಾಯಿಸಿಕೊಳ್ಳುತ್ತೇನೆ. ನುಡಿಯ ಜೊತೆಗೇ ಕನ್ವರ್ಟರ್ ಇದೆ. ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ಓದಬೇಕು. ಆಮೇಲೆ 'ಶ್ರೀ'ಯನ್ನು ಪೂರ್ತಿ ಸೆಲೆಕ್ಟ್ ಮಾಡಿಕೊಂಡು ಡ್ರಾಪ್ ಕ್ಯಾಪ್ ಕೊಟ್ಟರೆ ಪೂರ್ತಿಯೇ ದೊಡ್ಡದಾಗುತ್ತದೆ. ಕೆಲವೊಮ್ಮೆ ಕೆಳಗಿನ ಒತ್ತು ಅರ್ಧ ಕತ್ತರಿಸಿದಂತೆ ಕಾಣುತ್ತದೆ. ಆ ಅಕ್ಷರದ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಲೈನ್ ಸ್ಪೇಸಿಂಗ್ 'ಎಕ್ಸಾಕ್ಟ್ಲಿ' ಎಂದಿರುತ್ತದೆ, ಅದರ ಅಂಕಿ ಏರಿಸಿದರೆ ಒತ್ತು ಹೊರಗೆ ಬರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒತ್ತಿನ ಕಾಟವಿಲ್ಲ, ಅದರ ಅಳತೆಗೆ ಹೊಲಿದ ಅಂಗಿ ಇದು.

ಫೈಲ್ ಹಳೆಯ ಡಾಕ್ ಆಗಿದ್ದರೆ ವರ್ಡ್‌ಆರ್ಟ್ ಒತ್ತಿದಾಗ ಹಳೆಯ ಕಾಲದ ಗ್ಯಾಲರಿ ತೆರೆಯುತ್ತದೆ: ಕಾಮನಬಿಲ್ಲಿನ ಬಣ್ಣ, ಹಿಂದೆ ವಾಲಿದ ನೆರಳು. ಫೈಲ್ ಮೆನುವಿನ ಇನ್ಫೋದಲ್ಲಿ ಕನ್ವರ್ಟ್ ಒತ್ತಿದರೆ ಹೊಸದು ಸಿಗುತ್ತದೆ. ಹೊಸದರಲ್ಲೂ ನಾನು ಬಳಸುವುದು ಕಡಿಮೆ. 'ಬಿನ್ನವತ್ತಳೆ' ಎಂಬ ಶೀರ್ಷಿಕೆಗೆ ಬಾಲೂ ತಮ್ಮ ಫಾಂಟ್, ಒಳಗಿನ ಬರಹಕ್ಕೆ ನೋಟೊ ಸೆರಿಫ್ ಕನ್ನಡ, ಅಷ್ಟೇ. ಹೊಳಪು, ಪ್ರತಿಬಿಂಬ, ಮೂರು ಆಯಾಮ ಯಾವುದೂ ಇಲ್ಲ. ಶಾಲೆಯ ಹೆಸರನ್ನು ಕಮಾನು ಮಾಡಲೇಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ಅದು ರಬ್ಬರ್ ಸ್ಟಾಂಪಿನ ಚಾಳಿ. ಹೆಸರನ್ನು ನೆಟ್ಟಗೆ ಬರೆದು ಮೇಲೊಂದು ಬಾಗಿದ ಗೆರೆ ಎಳೆದು ತೋರಿಸಿದರೆ ಒಪ್ಪಿಕೊಳ್ಳುತ್ತಾರೆ.

ಒಬ್ಬರಂತೂ ಮಹಮೂದ್ ಗಾವಾನ್ ಮದರಸಾದ ಫೋಟೊ ತೋರಿಸಿ, "ಹಿಂಗ ಉದ್ದುದ್ದ ಎಳಿರಿ ಅಕ್ಕಾ" ಎಂದರು. 1472ರಲ್ಲಿ ಕಟ್ಟಿದ ಆ ಗೋಡೆಯ ಹೆಂಚಿನ ಮೇಲಿರುವುದು ಅರಬ್ಬಿ ಲಿಪಿ, ಎಳೆದಷ್ಟೂ ಚೆಂದ. ನಮ್ಮದು ದುಂಡಕ್ಷರ. ವರ್ಡ್‌ಆರ್ಟ್‌ಗೆ ಟ್ರಾನ್ಸ್‌ಫಾರ್ಮ್ ಕೊಟ್ಟು ಬಾಕ್ಸಿನ ಪಕ್ಕದ ಹಿಡಿ ಹಿಡಿದು ಜಗ್ಗಿದರೆ ಮೇಲೆ ಕೂತು ಚಪ್ಪಟೆ ಮಾಡಿದ ಇಡ್ಲಿಯಾಗುತ್ತದೆ. ದೊಡ್ಡದು ಬೇಕಾದರೆ ಫಾಂಟ್ ಸೈಜ್ ಏರಿಸುವುದೇ ಸರಿ.

ಅಲಂಕಾರವೆಲ್ಲ ಅಂಚಿಗೆ. ವರ್ಡ್‌ನ ಪೇಜ್ ಬಾರ್ಡರಿನಲ್ಲಿ ಸಿಗುವ ಸೇಬು, ಬಲೂನು ನನಗೆ ಸೇರುವುದಿಲ್ಲ. ಬೀದರಿನಲ್ಲಿ ಕೂತು ಯಾರದೋ ಸೇಬು ಯಾಕೆ? ಊರ ನಡುವಿನ ಚೌಬಾರಾ ಗೋಪುರದ ಕಡೆ ಹೋದಾಗ ಬಿದ್ರಿ ಅಂಗಡಿಯಲ್ಲಿ ಒಂದು ತಟ್ಟೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಸತು-ತಾಮ್ರದ ಲೋಹ, ಕೋಟೆಯ ಮಣ್ಣು ಹಚ್ಚಿದ ಮೇಲೆ ಕಪ್ಪಾಗಿ, ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೆ ಉಳಿದಿರುತ್ತದೆ. ಅಶರ್ಫಿ ಬೂಟಿ ಎಂಬ ವಿನ್ಯಾಸದ ಹೂಗಳೆಲ್ಲ ಅಂಚಿನಲ್ಲಿ, ನಡುವೆ ಬರೀ ಕಪ್ಪು. ಅದನ್ನೇ ತಿರುವುಮುರುವು ಮಾಡಿದೆ: ನಡುವೆ ಬರೀ ಬಿಳಿ ಹಾಳೆ, ಅಂಚಿಗೆ ಕಪ್ಪು ಪಟ್ಟಿ, ಅದರ ಮೇಲೆ ತಿಳಿ ಬೂದು ಹೂ.

ಬಿಡಿಸಿದ್ದು ಒಂದೇ ಮೂಲೆ. ಶೇಪ್ಸ್‌ನಿಂದ ಆರು ಉದ್ದ ವೃತ್ತ ತೆಗೆದುಕೊಂಡು ಒಂದಕ್ಕಿಂತ ಮುಂದಿನದನ್ನು 60 ಡಿಗ್ರಿ ಹೆಚ್ಚು ತಿರುಗಿಸುತ್ತ ಸುತ್ತಲೂ ಜೋಡಿಸಿ ಎಸಳು ಮಾಡಿದೆ, ನಡುವೆ ಒಂದು ಚುಕ್ಕಿ. ಎಲ್ಲವನ್ನೂ ಗ್ರೂಪ್ ಮಾಡಿ, ಎರಡು ಬಳ್ಳಿ ಸೇರಿಸಿ, ಮತ್ತೆ ಗ್ರೂಪ್. ಕಂಟ್ರೋಲ್ ಡಿ ಒತ್ತಿ ಮೂರು ಪ್ರತಿ. ಒಂದನ್ನು ಅಡ್ಡಕ್ಕೆ ಫ್ಲಿಪ್, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಎರಡೂ ಕಡೆಗೆ. ನಾಲ್ಕು ಮೂಲೆ ಆಯಿತು. ಬೆಳ್ಳಿ ಹೊಳೆಯಲಿ ಎಂದು ಮೊದಲು ಗಾಢದಿಂದ ತಿಳಿಗೆ ಇಳಿಯುವ ಗ್ರೇಡಿಯಂಟ್ ಬಣ್ಣ ಹಾಕಿದ್ದೆ, ಪ್ರಿಂಟಿನಲ್ಲಿ ಮಸಿ ಬಡಿದಂತೆ ಬಂತು. ಒಂದೇ ಬೂದು ಬಣ್ಣ ಹಾಕಿದ ಮೇಲೆಯೇ ಬೆಳ್ಳಿಯಂತೆ ಕಂಡಿದ್ದು.

ಈ ಅಂಚನ್ನು ಪುಟದ ಮೇಲೆ ಸುಮ್ಮನೆ ಇಟ್ಟರೆ ರಾತ್ರಿ ಮೇಷ್ಟ್ರು ಒಂದು ಸಾಲು ಸೇರಿಸಿದ ತಕ್ಷಣ ಹೂವೆಲ್ಲ ಎರಡನೇ ಪುಟಕ್ಕೆ ಓಡುತ್ತದೆ. ವರ್ಡ್‌ನಲ್ಲಿ ಪ್ರತಿ ಚಿತ್ರವನ್ನೂ ಒಂದು ಪ್ಯಾರಾಕ್ಕೆ ಗಂಟು ಹಾಕಿರುತ್ತದೆ, ಪ್ಯಾರಾ ಜರುಗಿದರೆ ಚಿತ್ರವೂ ಜರುಗುತ್ತದೆ. ಆದ್ದರಿಂದ ಪುಟದ ತಲೆಭಾಗದ ಹೆಡರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಅದರೊಳಗೆ ಅಂಚು ಅಂಟಿಸಿ, 'ಬಿಹೈಂಡ್ ಟೆಕ್ಸ್ಟ್' ಕೊಟ್ಟು ಹೊರಗೆ ಬರುತ್ತೇನೆ. ಇನ್ನು ಯಾರು ಏನು ತಿದ್ದಿದರೂ ಹೂ ಅಲ್ಲಾಡುವುದಿಲ್ಲ. ಆದರೆ ಹೆಡರಿನಲ್ಲಿರುವುದು ಪರದೆಯ ಮೇಲೆ ಮಂಕಾಗಿ ಕಾಣುತ್ತದೆ. "ಬಣ್ಣ ಮಾಸ್ದಂಗ ಕಾಣ್ಲತ್ತದಲ್ರೀ" ಎಂದವರಿಗೆಲ್ಲ ಒಂದು ಪ್ರಿಂಟ್ ತೆಗೆದು ತೋರಿಸಬೇಕು.

ಪ್ರಿಂಟಿಗೆ ಹೊರಗೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡುವುದು. ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೆ ಶೀರ್ಷಿಕೆ ಬೇರೆಯೇ ಮುಖ ಹಾಕಿಕೊಂಡು ಬರುತ್ತದೆ. ಅಂಚನ್ನು ಕಾಗದದ ತುದಿಗೆ ತಾಗಿಸಿ ಇಡುವುದೂ ಬೇಡ. ನನ್ನ ಪ್ರಿಂಟರ್ ಮೊದಲ ಸಲ ಕೆಳಗಿನ ಪಟ್ಟಿಯನ್ನೇ ನುಂಗಿತ್ತು. ಸರಿಮಾಡಿ ತೆಗೆದು ಕೊಟ್ಟರೆ, ಕಟ್ಟು ಹಾಕುವವರ ಚೌಕಟ್ಟು ಸುತ್ತಲೂ ಅರ್ಧ ಸೆಂಟಿಮೀಟರ್ ಮುಚ್ಚಿತು, ಮೇಷ್ಟ್ರು ವೇದಿಕೆಯ ಮೇಲೆ ಅರ್ಧ ಅರ್ಧ ಹೂ ಹಿಡಿದುಕೊಂಡು ಫೋಟೊ ತೆಗೆಸಿಕೊಂಡರು. ಈಗ ನನ್ನ ಟೆಂಪ್ಲೇಟಿನಲ್ಲಿ ಅಂಚು ಎಲ್ಲ ಕಡೆ ಒಂದೂವರೆ ಸೆಂಟಿಮೀಟರ್ ಒಳಗಿದೆ.