ಸ್ಪೀಡ್ ಇದೆ, ಪುಟ ತೆರೆಯುತ್ತಿಲ್ಲ: ಎಂಟಿಯು ಅಳೆದು ಸರಿಮಾಡಿದ ನನ್ನ ಅನುಭವ

ಇಂಟರ್ನೆಟ್ ಪೂರ್ತಿ ಹೋದರೆ ಒಂದು ರೀತಿಯಲ್ಲಿ ಸುಲಭ. ಕಷ್ಟ ಇರುವುದು ಅರ್ಧಂಬರ್ಧ ಕೆಟ್ಟಾಗ. ಮನೆಯ ರೂಟರ್ ಬದಲಿಸಿದ ಮೇಲೆ ನನಗೆ ಆಗಿದ್ದು ಅದೇ. ಡೌನ್‌ಲೋಡ್ ವೇಗ ಅಳೆದರೆ ಪೂರ್ತಿ ಬರುತ್ತಿತ್ತು. ವಿಡಿಯೊ ತಡೆಯಿಲ್ಲದೆ ಓಡುತ್ತಿತ್ತು. ಆದರೆ ಕೆಲವೇ ಕೆಲವು ಸೈಟುಗಳು ಸುತ್ತುತ್ತಲೇ ಇರುತ್ತಿದ್ದವು. ಮೇಲ್‌ಗೆ ಫೋಟೊ ಅಟ್ಯಾಚ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮನೆಯಿಂದ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಅಂತೂ ಕನೆಕ್ಟ್ ಆಯಿತು ಎನ್ನುತ್ತಿತ್ತು, ಒಳಗೆ ಒಂದು ಪುಟವೂ ಬರುತ್ತಿರಲಿಲ್ಲ.

ಈ ಲಕ್ಷಣ ಕಂಡಾಗ ನಾನು ಮೊದಲು ನೋಡುವುದು ಎಂಟಿಯು. ಇಂಟರ್ನೆಟ್‌ನಲ್ಲಿ ಮಾಹಿತಿ ಹೋಗುವುದು ಪ್ಯಾಕೆಟ್ ಎಂಬ ತುಂಡುಗಳಲ್ಲಿ; ಒಂದೇ ಪ್ಯಾಕೆಟ್‌ನಲ್ಲಿ ಜಾಸ್ತಿ ಅಂದರೆ ಎಷ್ಟು ಬೈಟ್ ಕಳಿಸಬಹುದು ಅನ್ನುವ ಮಿತಿ ಅದು. ಮಾಮೂಲಿ ಈಥರ್‌ನೆಟ್‌ನಲ್ಲಿ 1500. ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಸಾಮಾನ್ಯವಾಗಿ ಪಿಪಿಪಿಒಇ ಬಳಸುತ್ತವೆ. ಆ ವ್ಯವಸ್ಥೆ ಪ್ರತಿ ಪ್ಯಾಕೆಟ್‌ನಲ್ಲೂ ತನ್ನ ಹೆಡರ್‌ಗೆ, ಅಂದರೆ ಮುಂದೆ ಅಂಟಿಸುವ ಚೀಟಿಯಂಥ ಭಾಗಕ್ಕೆ, 8 ಬೈಟ್ ತೆಗೆದುಕೊಳ್ಳುತ್ತದೆ. ಉಳಿಯುವುದು 1492. ನನ್ನ ಹೊಸ ರೂಟರ್‌ನ ಪಿಪಿಪಿಒಇ ಪುಟದಲ್ಲಿ ಕಂಪನಿಯಿಂದಲೇ 1500 ತುಂಬಿ ಬಂದಿತ್ತು. ಬಾಗಿಲಿಗಿಂತ ಅಗಲದ ಮಂಚವನ್ನು ಒಳಗೆ ತಳ್ಳಿದ ಹಾಗೆ.

ಹಾಗಂತ ನೋಡಿದ ತಕ್ಷಣ 1492 ಅಂತ ಬರೆದು ಮುಗಿಸಬಹುದಿತ್ತು. ಆದರೆ ನಡುವೆ ಇನ್ನೇನಾದರೂ ಹೆಡರ್ ಸೇರುತ್ತಿದ್ದರೆ ಮಿತಿ ಅದಕ್ಕಿಂತ ಕಡಿಮೆ ಇರಬಹುದು. ಅಳೆದು ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಬೇರೆ ಸಾಫ್ಟ್‌ವೇರ್ ಕೂಡ ಬೇಡ. ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಕಮಾಂಡ್ ಸಾಕು.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಜೊತೆ ಎರಡು ಆಯ್ಕೆ ಕೊಡಬೇಕು. ಮೈನಸ್ ಎಫ್ ಅಂದರೆ ದಾರಿಯಲ್ಲಿ ಈ ಪ್ಯಾಕೆಟ್ ಅನ್ನು ತುಂಡು ಮಾಡಬೇಡ ಎಂದು. ಮೈನಸ್ ಎಲ್, ಅದರ ಮುಂದೆ ಎಷ್ಟು ಬೈಟ್ ತುಂಬಬೇಕು ಎಂಬ ಸಂಖ್ಯೆ. ಎರಡೂ ಚಿಕ್ಕಕ್ಷರ. ಎಲ್ ಬದಲು ಒಂದು ಅಂತ ಒತ್ತುವುದು ತುಂಬಾ ಸುಲಭ, ಸ್ವಲ್ಪ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ದೊಡ್ಡಕ್ಷರದ ಮೈನಸ್ ಎಂ, ಅದರ ಮುಂದೆ ಡೂ, ಆಮೇಲೆ ಚಿಕ್ಕಕ್ಷರದ ಮೈನಸ್ ಎಸ್ ಮತ್ತು ಸಂಖ್ಯೆ. ಮ್ಯಾಕ್‌ನಲ್ಲಿ ದೊಡ್ಡಕ್ಷರದ ಮೈನಸ್ ಡಿ, ಜೊತೆಗೆ ಚಿಕ್ಕಕ್ಷರದ ಮೈನಸ್ ಎಸ್.

ಇಲ್ಲಿ ಕೊಡುವ ಸಂಖ್ಯೆ ಎಂಟಿಯು ಅಲ್ಲ, ಒಳಗೆ ತುಂಬುವ ಸರಕು ಮಾತ್ರ. ಅದರ ಮೇಲೆ ಐಪಿ ಹೆಡರ್ 20 ಬೈಟ್, ಐಸಿಎಂಪಿ (ಪಿಂಗ್ ಮತ್ತು ದೋಷದ ಸಂದೇಶಗಳನ್ನು ಒಯ್ಯುವ ವ್ಯವಸ್ಥೆ) ಹೆಡರ್ 8 ಬೈಟ್ ಕೂಡುತ್ತದೆ. ಒಟ್ಟು 28. ಹಾಗಾಗಿ 1500ರ ದಾರಿಯಲ್ಲಿ 1472 ದಾಟಬೇಕು, 1492ರ ದಾರಿಯಲ್ಲಿ 1464 ದಾಟಬೇಕು. ಈ 28 ಕೂಡಿಸುವುದನ್ನು ಬಿಟ್ಟು 1464 ಅನ್ನೇ ರೂಟರ್‌ಗೆ ಹಾಕಿರುವವರನ್ನೂ ನೋಡಿದ್ದೇನೆ. ಅದರಿಂದ ಏನೂ ಕೆಡುವುದಿಲ್ಲ ಬಿಡಿ, ಪ್ರತಿ ಪ್ಯಾಕೆಟ್‌ನಲ್ಲೂ ಸ್ವಲ್ಪ ಜಾಗ ಸುಮ್ನೆ ಖಾಲಿ ಹೋಗುತ್ತದೆ ಅಷ್ಟೆ.

ಶುರು ಮಾಡುವ ಮುಂಚೆ ಇನ್ನೊಂದು ವಿಷಯ. ಯಾವ ವಿಳಾಸಕ್ಕೆ ಪಿಂಗ್ ಮಾಡುತ್ತೀರೋ ಅದು ಚಿಕ್ಕ ಪಿಂಗ್‌ಗೆ ಉತ್ತರ ಕೊಡುತ್ತದೆಯೇ ಎಂದು ಮೊದಲು ನೋಡಿ. ಕೆಲವು ಸರ್ವರ್‌ಗಳು ದೊಡ್ಡ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಅದನ್ನು ನಮ್ಮ ಲೈನಿನ ದೋಷ ಎಂದುಕೊಂಡರೆ ಲೆಕ್ಕ ಎಲ್ಲೋ ಹೋಗುತ್ತದೆ. ನಾನು ಎರಡು ವಿಳಾಸ ಇಟ್ಟುಕೊಂಡೆ. ಒಂದು, ಸಂಪರ್ಕ ಕೊಟ್ಟವರ ಕಡೆಯ ಮೊದಲ ಗೇಟ್‌ವೇ. ಅದರ ವಿಳಾಸ ರೂಟರ್‌ನ ಸ್ಟೇಟಸ್ ಪುಟದಲ್ಲೇ ಇರುತ್ತದೆ. ಇನ್ನೊಂದು, ಹೊರಗಿನ ದೂರದ ಸರ್ವರ್. ಎರಡರಲ್ಲೂ ಒಂದೇ ಸಂಖ್ಯೆ ಬಂದರೆ ಇಕ್ಕಟ್ಟು ಇರುವುದು ನಮ್ಮ ಲೈನಿನಲ್ಲೇ.

ಈಗ ನನಗೆ ಕಂಡದ್ದು. 1473 ಹಾಕಿದೆ. ಪ್ಯಾಕೆಟ್ ತುಂಡು ಮಾಡಬೇಕಾಗುತ್ತದೆ, ಆದರೆ ಮಾಡಬಾರದು ಎಂದಿದೆ ಅನ್ನುವ ಅರ್ಥದ ಸಂದೇಶ ತಕ್ಷಣ ಬಂತು. ಅದನ್ನು ಹೇಳಿದ್ದು ನನ್ನ ಕಂಪ್ಯೂಟರೇ, ಯಾಕೆಂದರೆ ಅದರ ವೈಫೈ ಮಿತಿಯೇ 1500. 1472 ಹಾಕಿದೆ. ಸಂದೇಶ ಇಲ್ಲ, ಉತ್ತರವೂ ಇಲ್ಲ. ಟೈಮ್‌ಔಟ್. 1400ಕ್ಕೆ ಇಳಿಸಿದೆ, ಉತ್ತರ ಸಲೀಸಾಗಿ ಬಂತು. ಆಮೇಲೆ ಎರಡರ ನಡುವಿನ ಸಂಖ್ಯೆ ಹಾಕುವುದು, ದಾಟಿದರೆ ಮೇಲಕ್ಕೆ, ದಾಟದಿದ್ದರೆ ಕೆಳಕ್ಕೆ, ಪ್ರತಿ ಸಲ ಅಂತರ ಅರ್ಧ ಮಾಡುತ್ತಾ ಹೋಗುವುದು. ಒಂದೊಂದೇ ಬೈಟ್ ಇಳಿಸುತ್ತಾ ಕೂರುವ ಅಗತ್ಯ ಇಲ್ಲ. ಕೊನೆಗೆ 1464 ದಾಟಿತು, 1465 ದಾಟಲಿಲ್ಲ. 28 ಕೂಡಿಸಿದರೆ 1492.

1465ರಿಂದ 1472ರವರೆಗೆ ಕಂಡ ಆ ಮೌನ ಇದೆಯಲ್ವಾ, ಇಡೀ ತೊಂದರೆ ಇದ್ದದ್ದು ಅಲ್ಲಿ. ಪ್ಯಾಕೆಟ್ ದೊಡ್ಡದಾದರೆ ಅದನ್ನು ತಡೆದ ರೂಟರ್, ಇದು ಹಿಡಿಸುವುದಿಲ್ಲ, ಇಷ್ಟೇ ಕಳಿಸು ಎಂದು ಒಂದು ಐಸಿಎಂಪಿ ಸಂದೇಶ ವಾಪಸ್ ಕಳಿಸಬೇಕು. ಕಳಿಸಿದವರು ಅದನ್ನು ನೋಡಿ ಗಾತ್ರ ಇಳಿಸುತ್ತಾರೆ. 1990ರಿಂದಲೂ ಇರುವ ಪದ್ಧತಿ ಇದು. ಆದರೆ ನನ್ನ ರೂಟರ್ ತನ್ನ ಮಿತಿ 1500 ಎಂದೇ ನಂಬಿತ್ತು. ಹಾಗಾಗಿ ಅದು ಯಾರಿಗೂ ಏನೂ ಹೇಳದೆ ಪ್ಯಾಕೆಟ್ ಹೊರಗೆ ತಳ್ಳುತ್ತಿತ್ತು, ಮುಂದೆ ಎಲ್ಲೋ ಅದು ಬಿದ್ದುಹೋಗುತ್ತಿತ್ತು. ತಪ್ಪು ತೋರಿಸುವ ಸಂದೇಶ ಬಂದರೆ ಸಂತೋಷ ಪಡಿ. ಮೌನ ಬಂದರೆ ಮಾತ್ರ ಹುಡುಕಬೇಕು.

ಹಾಗಾದರೆ ಕೆಲವು ಸೈಟು ಮಾತ್ರ ಯಾಕೆ ನಿಲ್ಲುತ್ತಿದ್ದವು? ವೆಬ್ ಪುಟ, ಮೇಲ್ ಮುಂತಾದವು ಬಳಸುವ ಟಿಸಿಪಿ ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು, ಒಂದು ತುಂಡಿನಲ್ಲಿ ನನಗೆ ಇಷ್ಟೇ ಕಳಿಸು ಎಂದು ಹೇಳಿಕೊಳ್ಳುತ್ತಾರೆ. ಇದಕ್ಕೆ ಎಂಎಸ್‌ಎಸ್ ಅನ್ನುತ್ತಾರೆ. ಎಂಟಿಯುನಿಂದ ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದರೆ ಬರುವುದು: 1500ಕ್ಕೆ 1460, 1492ಕ್ಕೆ 1452. ಮೊದಲೇ ಚಿಕ್ಕ ತುಂಡು ಬಳಸುವ ಸರ್ವರ್‌ಗಳೊಂದಿಗೆ ಏನೂ ತೊಂದರೆ ಕಾಣುವುದಿಲ್ಲ. ಪೂರ್ತಿ 1500 ಕಳಿಸುವ, ಜೊತೆಗೆ ಫೈರ್‌ವಾಲ್‌ನಲ್ಲಿ ಐಸಿಎಂಪಿ ಪೂರ್ತಿ ಮುಚ್ಚಿಕೊಂಡ ಸರ್ವರ್‌ಗಳೇ ಸಿಕ್ಕಿಬೀಳುವುದು. ಸುರಕ್ಷತೆ ಅಂತ ಐಸಿಎಂಪಿಯನ್ನು ಸಾರಾಸಗಟಾಗಿ ಮುಚ್ಚುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಪಿಂಗ್ ಬೇಡದಿದ್ದರೆ ಪಿಂಗ್ ಮಾತ್ರ ಮುಚ್ಚಿ. ಗಾತ್ರ ಜಾಸ್ತಿಯಾಯಿತು ಅನ್ನುವ ಸಂದೇಶಕ್ಕೆ ದಾರಿ ಬಿಡಿ.

ಸರಿಮಾಡಿದ್ದು ರೂಟರ್‌ನಲ್ಲಿ ಮಾತ್ರ. ವ್ಯಾನ್ (ಹೊರಗಿನ ಇಂಟರ್ನೆಟ್ ಸಂಪರ್ಕದ) ಪುಟದ ಪಿಪಿಪಿಒಇ ಭಾಗದಲ್ಲಿ, ಅಡ್ವಾನ್ಸ್ಡ್ ಅಂತ ಇರುವ ಕಡೆ ಎಂಟಿಯು 1492 ಎಂದು ಬರೆದೆ. ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆಯ್ಕೆ ಇತ್ತು, ಅದನ್ನೂ ಆನ್ ಮಾಡಿದೆ. ನನ್ನ ಪ್ರಕಾರ ಮುಖ್ಯವಾದ ಕೆಲಸ ಮಾಡುವುದು ಇದೇ. ದಾಟಿ ಹೋಗುವ ಪ್ರತಿ ಟಿಸಿಪಿ ಸಂಪರ್ಕದ ಮೊದಲ ಮಾತಿನಲ್ಲೇ 1460 ಎಂದಿದ್ದರೆ ರೂಟರ್ ಅದನ್ನು 1452 ಎಂದು ತಿದ್ದಿಬಿಡುತ್ತದೆ. ಆಮೇಲೆ ಆ ಕಡೆಯ ಸರ್ವರ್ ಐಸಿಎಂಪಿ ಮುಚ್ಚಿಕೊಂಡಿದ್ದರೂ ತೊಂದರೆ ಇಲ್ಲ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಒಂದೊಂದು ಕಂಪ್ಯೂಟರ್‌ನಲ್ಲೂ ಎಂಟಿಯು ಬದಲಿಸಿ ಎಂಬ ಹಳೆಯ ಸಲಹೆ ಈಗ ಬೇಕಿಲ್ಲ.

ಸೇವ್ ಮಾಡಿ, ಲೈನ್ ಒಮ್ಮೆ ಕಡಿದು ಮತ್ತೆ ಜೋಡಿಸಿ, 1472 ಹಾಕಿದೆ. ಈ ಸಲ ಮೌನ ಇಲ್ಲ. ತುಂಡು ಮಾಡಬೇಕಾಗುತ್ತದೆ ಎಂದು ರೂಟರ್‌ನ ವಿಳಾಸದಿಂದಲೇ ಉತ್ತರ ಬಂತು. ನಿಂತಿದ್ದ ಸೈಟುಗಳು ತೆರೆದುಕೊಂಡವು, ಫೋಟೊ ಹೋಯಿತು.

ಪಿಪಿಪಿಒಇ ಮೇಲೂ ಪೂರ್ತಿ 1500 ಬಳಸಲು 2006ರಿಂದ ಒಂದು ವಿಧಾನ ಇದೆ. ರೂಟರ್, ಮಧ್ಯದ ಪೆಟ್ಟಿಗೆ, ಆ ಕಡೆಯ ಸಲಕರಣೆ ಎಲ್ಲವೂ 1508 ಬೈಟ್ ಹೊರಲು ಒಪ್ಪಬೇಕು. ನನ್ನ ಲೈನಿನಲ್ಲಿ ಒಪ್ಪಲಿಲ್ಲ. ಬೇಸರ ಏನಿಲ್ಲ.

ಯಾಕೆ ಬೇಸರ ಇಲ್ಲ ಅಂದರೆ, ವೇಗದ ಲೆಕ್ಕ ಹಾಕಿ ನೋಡಿದೆ. 1492 ಇದ್ದಾಗ ಪ್ರತಿ ಪ್ಯಾಕೆಟ್ ಈಥರ್‌ನೆಟ್ ತಂತಿಯಲ್ಲಿ ಎಲ್ಲ ಸೇರಿ 1538 ಬೈಟ್‌ನ ಜಾಗ ಹಿಡಿಯುತ್ತದೆ, ಅದರಲ್ಲಿ ನಮ್ಮ ಮಾಹಿತಿ 1452. ಅಂದರೆ ಸುಮಾರು ನೂರಕ್ಕೆ 94.4. ಎಂಟಿಯು 1400ಕ್ಕೆ ಇಳಿಸಿದರೂ ಅದು 94ರ ಆಸುಪಾಸಿನಲ್ಲೇ ಇರುತ್ತದೆ. ಎಂಟಿಯು ಬದಲಿಸಿ ವೇಗ ಎರಡು ಪಟ್ಟು ಮಾಡಿಕೊಳ್ಳಿ ಅನ್ನುವ ಮಾತನ್ನು ನಾನು ನಂಬದಿರುವುದು ಇದಕ್ಕೇ. ಡಯಲ್‌ಅಪ್ ಕಾಲದ 576 ಹಾಕಿದರೆ ಮಾತ್ರ 86ಕ್ಕೆ ಇಳಿದು ಲುಕ್ಸಾನು ಕಾಣುತ್ತದೆ. ಟೆಲಿಫೋನ್ ತಂತಿಯ ಎಡಿಎಸ್‌ಎಲ್ ಇದ್ದಾಗ ಲೆಕ್ಕ ಬೇರೆ ಇತ್ತು. ಅಲ್ಲಿ ಎಲ್ಲವೂ 53 ಬೈಟ್‌ನ ಸೆಲ್‌ಗಳಲ್ಲಿ ಹೋಗುತ್ತಿತ್ತು, ಒಂದರಲ್ಲಿ ಸರಕು 48 ಮಾತ್ರ. ಕೊನೆಯ ಸೆಲ್ ಅರ್ಧ ಖಾಲಿ ಹೋಗದಿರಲಿ ಎಂದು ಜನ ವಿಚಿತ್ರ ಸಂಖ್ಯೆಗಳನ್ನು ಹಾಕುತ್ತಿದ್ದರು. ಆ ಸಂಖ್ಯೆಗಳನ್ನು ಫೈಬರ್ ಸಂಪರ್ಕಕ್ಕೆ ತಂದು ಹಾಕಿದರೆ ಪ್ರಯೋಜನ ಏನೂ ಇಲ್ಲ.

ವಿಪಿಎನ್ ಮಾತ್ರ ಇನ್ನೂ ಸ್ವಲ್ಪ ಕೆಲಸ ಕೇಳಿತು. ವಿಪಿಎನ್ ತನ್ನದೇ ಹೆಡರ್ ಸೇರಿಸುತ್ತದೆ, ಆದ್ದರಿಂದ ಅದರ ಒಳಗಿನ ಎಂಟಿಯು ಇನ್ನೂ ಚಿಕ್ಕದಿರಬೇಕು. ನಾನು ಬಳಸುವುದು ವೈರ್‌ಗಾರ್ಡ್. ಅದು ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ, ಅಂದರೆ 1500ರಲ್ಲಿ 80 ಕಳೆದದ್ದು. ಆ 80 ಬೇಕಾಗುವುದು ಹೊರಗಿನ ದಾರಿ ಐಪಿಯ ಹೊಸ ಆವೃತ್ತಿಯಾದ ಐಪಿವಿ6 ಆಗಿದ್ದಾಗ. ಹಳೆಯ ಆವೃತ್ತಿಯಾದ ಐಪಿವಿ4 ಆದರೆ 60 ಸಾಕು. ನನ್ನ ಸಂಪರ್ಕದಲ್ಲಿ ಐಪಿವಿ6 ಇರುವುದರಿಂದ 1492ರಲ್ಲಿ 80 ಕಳೆದು 1412 ಎಂದು ಬರೆದೆ. ಒಳಗಿನ ಪುಟಗಳು ಬಂದವು.

ಐಪಿವಿ6 ಇರುವವರು ಅದರಲ್ಲೂ ಒಮ್ಮೆ ಅಳೆಯುವುದು ಒಳ್ಳೆಯದು. ಅಲ್ಲಿ ದಾರಿಯಲ್ಲಿನ ರೂಟರ್‌ಗಳು ಪ್ಯಾಕೆಟ್ ತುಂಡು ಮಾಡುವುದೇ ಇಲ್ಲ, ಹಾಗಾಗಿ ವಿಂಡೋಸ್‌ನಲ್ಲಿ ಮೈನಸ್ ಎಫ್ ಕೊಡಬೇಕಿಲ್ಲ. ಆದರೆ ನಿಮ್ಮ ಕಂಪ್ಯೂಟರೇ ತುಂಡು ಮಾಡಿ ಕಳಿಸಬಹುದು, ಆದ್ದರಿಂದ ಲಿನಕ್ಸ್‌ನ ಡೂ ಆಯ್ಕೆ ಇಟ್ಟುಕೊಂಡು ಅಳೆದರೆ ಫಲಿತಾಂಶ ನಂಬಬಹುದು. ಹೆಡರ್ 40 ಬೈಟ್ ಆಗುವುದರಿಂದ 28ರ ಬದಲು 48 ಕೂಡಿಸಬೇಕು. 1492ರ ದಾರಿಯಲ್ಲಿ 1444 ದಾಟಿ 1445 ನಿಂತರೆ ಲೆಕ್ಕ ಸರಿ. ಏನೇ ಆದರೂ 1280ಕ್ಕಿಂತ ಕೆಳಗೆ ಇಳಿಸಬೇಡಿ, ಐಪಿವಿ6 ಓಡಲು ಕನಿಷ್ಠ ಅಷ್ಟಾದರೂ ಬೇಕು.