ಔಟ್‌ಲುಕ್ ಡೇಟಾ ಫೈಲ್ ಸಿಗ್ತಿಲ್ಲ ಅಂದ್ರೆ ಮೊದಲು ಕ್ಯಾನ್ಸಲ್ ಒತ್ತಿ

ನಮ್ಮ ಮಂಗಳೂರಿನಲ್ಲಿ ಬಂದರಿನ ಶಿಪ್ಪಿಂಗ್ ಏಜೆಂಟ್ ಆಫೀಸು, ಹಂಪನಕಟ್ಟೆಯ ಆಡಿಟರ್ ಆಫೀಸು, ಗೇರುಬೀಜ ಫ್ಯಾಕ್ಟರಿ, ಇಂಥ ಕಡೆ ಇನ್ನೂ ಮೇಲ್ ನೋಡುವುದು ಮೈಕ್ರೋಸಾಫ್ಟಿನ ಮೇಲ್ ಪ್ರೋಗ್ರಾಮ್ ಔಟ್‌ಲುಕ್‌ನಲ್ಲೇ, ವರ್ಷಗಟ್ಟಲೆ ಕೊಟೇಶನ್ನು ಬಿಲ್ಲು ಎಲ್ಲ ಅದರೊಳಗೇ ಉಂಟು. ಬೆಳಿಗ್ಗೆ ಓಪನ್ ಮಾಡಿದ್ರೆ ಪಿಎಸ್‌ಟಿ ಫೈಲ್, ಅಂದ್ರೆ ಮೇಲ್ ಎಲ್ಲ ತುಂಬಿಟ್ಟಿರುವ ಡೇಟಾ ಫೈಲ್, ಸಿಗ್ತಿಲ್ಲ ಅಂತ ಒಂದು ಬಾಕ್ಸ್ ಬರ್ತದೆ. ತಲೆಬಿಸಿ ಮಾಡ್ಬೇಡಿ ಮಾರಾಯ್ರೆ, ಹೆಚ್ಚಾಗಿ ಫೈಲು ಎಲ್ಲಿಗೂ ಹೋಗಿರುವುದಿಲ್ಲ, ಜಾಗ ಬದಲಾಗಿರ್ತದೆ ಅಷ್ಟೆ.

ಆ ಬಾಕ್ಸಿನಲ್ಲಿ ಓಕೆ ಕೊಟ್ರೆ ಫೈಲ್ ಆರಿಸಿ ಅಂತ ಇನ್ನೊಂದು ಬಾಕ್ಸ್ ಬರಬಹುದು. ಗಡಿಬಿಡಿಯಲ್ಲಿ ಅಲ್ಲಿ ಓಪನ್ ಒತ್ತಿದ್ರೆ ಹೊಸ ಖಾಲಿ ಪಿಎಸ್‌ಟಿ ಹುಟ್ಟಿಕೊಳ್ತದೆ, ಇನ್‌ಬಾಕ್ಸ್ ಬೋಳು, ಎಲ್ಲ ಮೇಲ್ ಡಿಲೀಟ್ ಆಯ್ತು ಅಂತ ಆಫೀಸಿಡೀ ಗಲಾಟೆ. ಹಾಗಾಗಿ ಅಲ್ಲಿ ಕ್ಯಾನ್ಸಲ್ ಕೊಡಿ. ಓಕೆ ಕೊಡುವ ಮೊದಲೇ ಮೊದಲಿನ ಬಾಕ್ಸಿನಲ್ಲಿರುವ ಫೈಲ್ ಪಾತ್, ಅಂದ್ರೆ ಫೈಲ್ ಇರುವ ಜಾಗದ ವಿಳಾಸ, ಮೊಬೈಲಲ್ಲಿ ಫೋಟೋ ತೆಗೆದಿಡಿ, ಅರ್ಧ ಉತ್ತರ ಅಲ್ಲೇ ಉಂಟು.

ಪಾತ್ ಇ ಅಥವಾ ಎಫ್ ಡ್ರೈವ್‌ನಿಂದ ಶುರುವಾದ್ರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿಲ್ಲ, ಇಲ್ಲಾಂದ್ರೆ ಮಧ್ಯದಲ್ಲಿ ಯಾರೋ ಪೆನ್‌ಡ್ರೈವ್ ಚುಚ್ಚಿ ಹಾರ್ಡ್ ಡಿಸ್ಕಿನ ಡ್ರೈವ್ ಅಕ್ಷರ ಬದಲಾಗಿದೆ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೇ ಅಕ್ಷರ ವಾಪಸ್ ಕೊಟ್ರೆ ಮುಗೀತು. ಪಾತ್‌ನಲ್ಲಿ ಡಾಕ್ಯುಮೆಂಟ್ಸ್ ಅಂತ ಇದ್ರೆ ಮೈಕ್ರೋಸಾಫ್ಟಿನ ಆನ್‌ಲೈನ್ ಸ್ಟೋರೇಜ್ ಒನ್‌ಡ್ರೈವ್‌ನ ಬ್ಯಾಕಪ್ ಆನ್ ಆಗಿ ಆ ಫೋಲ್ಡರನ್ನೇ ತನ್ನೊಳಗೆ ಎಳ್ಕೊಂಡಿರಬಹುದು, ಅಲ್ಲಿ ನೋಡಿ. ಎರಡೂ ಅಲ್ಲ ಅಂದ್ರೆ ದಿಸ್ ಪಿಸಿಯಲ್ಲಿ ಪಿಎಸ್‌ಟಿ ಅಂತ ಸರ್ಚ್ ಹಾಕಿ, ರಿಸೈಕಲ್ ಬಿನ್ ಕೂಡ ನೋಡಿ. ಒಂದಕ್ಕಿಂತ ಹೆಚ್ಚು ಸಿಕ್ಕಿದ್ರೆ ಸೈಜ್ ನೋಡಿ, ನಿಮ್ಮದು ಜಿಬಿಗಟ್ಟಲೆ ಇರ್ತದೆ.

ಫೈಲಿನ ಕೊನೆಯಲ್ಲಿ ಪಿಎಸ್‌ಟಿ ಬದಲು ಓಎಸ್‌ಟಿ ಅಂತಿದ್ರೆ ಅದೃಷ್ಟ, ಅದು ಸರ್ವರಿನ ಕಾಪಿ, ಔಟ್‌ಲುಕ್ ಮತ್ತೆ ಇಳಿಸಿಕೊಳ್ತದೆ. ಪಾಪ್ ಅಕೌಂಟ್, ಅಂದ್ರೆ ಸರ್ವರಿನಿಂದ ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಅಕೌಂಟ್, ಅದರ ಪಿಎಸ್‌ಟಿ ಹಾಗಲ್ಲ, ಸರ್ವರಲ್ಲಿ ಕಾಪಿ ಬಿಡುವ ಸೆಟ್ಟಿಂಗ್ ಇಲ್ಲದಿದ್ರೆ ನಿಮ್ಮ ಕಂಪ್ಯೂಟರಲ್ಲಿ ಇರುವುದೇ ಎಲ್ಲ.

ಫೈಲ್ ಸಿಕ್ಕಿದ ಮೇಲೆ ಔಟ್‌ಲುಕ್ ಮುಚ್ಚಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೇಲ್ ಅಂತ ಉಂಟು, ಅದರೊಳಗೆ ಡೇಟಾ ಫೈಲ್ಸ್. ಆ್ಯಡ್ ಒತ್ತಿ ಫೈಲ್ ತೋರಿಸಿ, ಸೆಟ್ ಆ್ಯಸ್ ಡೀಫಾಲ್ಟ್ ಕೊಡಿ, ಆಮೇಲೆ ಮಾತ್ರ ಹಳೇ ಎಂಟ್ರಿ ರಿಮೂವ್ ಮಾಡಿ. ಪಾಪ್ ಅಕೌಂಟ್ ಆದ್ರೆ ಇ-ಮೇಲ್ ಟ್ಯಾಬಿನ ಕೆಳಗಿರುವ ಚೇಂಜ್ ಫೋಲ್ಡರ್ ಒತ್ತಿ ಇದೇ ಫೈಲಿನ ಇನ್‌ಬಾಕ್ಸ್ ಆರಿಸಬೇಕು. ಇದನ್ನು ತುಂಬ ಜನ ಬಿಡ್ತಾರೆ, ಮತ್ತೆ ಹೊಸ ಮೇಲ್ ಬರ್ತಾ ಇಲ್ಲ ಅಂತ ಫೋನು.

ಫೈಲ್ ಉಂಟು ಆದ್ರೆ ತೆರೀತಿಲ್ಲ ಅಂದ್ರೆ ಹಾಳಾಗಿರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಸಿಡಿಲು ಬಂದು ಕರೆಂಟು ಹೋಗುವುದು ಗೊತ್ತುಂಟಲ್ಲ, ಯುಪಿಎಸ್ ಇಲ್ಲದ ಕಂಪ್ಯೂಟರಲ್ಲಿ ಔಟ್‌ಲುಕ್ ಬರೀತಾ ಇರುವಾಗಲೇ ಹೋದ್ರೆ ಹೀಗಾಗ್ತದೆ. ಫೈಲಿಗೆ ಒಂದು ಕಾಪಿ ಮಾಡಿಟ್ಟು ಔಟ್‌ಲುಕ್ ಜೊತೆಗೇ ಬರುವ ರಿಪೇರಿ ಟೂಲ್ ಸ್ಕ್ಯಾನ್‌ಪಿಎಸ್‌ಟಿ ಓಡಿಸಿ, ಅದು ಪ್ರೋಗ್ರಾಮ್ ಫೈಲ್ಸ್ ಒಳಗೆ ಮೈಕ್ರೋಸಾಫ್ಟ್ ಆಫೀಸ್, ರೂಟ್, ಆಫೀಸ್16ರಲ್ಲಿ ಸಿಗ್ತದೆ. ಒಂದೇ ಸಲಕ್ಕೆ ಸರಿ ಆಗದಿದ್ರೆ ಇನ್ನೊಮ್ಮೆ ಓಡಿಸಿ. ಸೈಜ್ ಕೂಡ ನೋಡಿ, 2010 ಮತ್ತು ಅದರ ನಂತರದ ಔಟ್‌ಲುಕ್‌ನಲ್ಲಿ ಮಿತಿ 50 ಜಿಬಿ, 2003 ಮತ್ತು 2007ರಲ್ಲಿ 20.

ಸರಿ ಆದ ಮೇಲೆ ಫೈಲನ್ನು ಆಫೀಸಿನ ನೆಟ್‌ವರ್ಕ್ ಫೋಲ್ಡರಲ್ಲಿ ಇಡ್ಬೇಡಿ, ಸಿ ಅಥವಾ ಡಿ ಡ್ರೈವಲ್ಲಿ ಇರ್ಲಿ. ಬ್ಯಾಕಪ್ ತೆಗೆಯುವಾಗ ಔಟ್‌ಲುಕ್ ಮುಚ್ಚಿರಬೇಕು, ತೆರೆದಿದ್ರೆ ಕಾಪಿ ಆಗುವುದಿಲ್ಲ.