ಉಪ್ಪು ಕಾಯ್ದವನ ಮರಿಮಗಳು

ಅಂಕೋಲೆಯ ಕಡೆ ಯಾರ ಮನೆಗೆ ಹೋಗಿ ಕೇಳಿದರೂ ಒಬ್ಬ ಸತ್ಯಾಗ್ರಹಿ ಅಜ್ಜ ಸಿಗುತ್ತಾರೆ. ಸುಳ್ಳೇನೂ ಅಲ್ಲ. 1930ರ ಏಪ್ರಿಲ್‌ನಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಎಂ.ಪಿ. ನಾಡಕರ್ಣಿಯವರು ಮುಂದೆ ನಿಂತಿದ್ದರು. ಆಮೇಲೆ ಕರನಿರಾಕರಣೆ ಬಂತು, ಎಷ್ಟೋ ಜನ ಗದ್ದೆ ಕಳೆದುಕೊಂಡರು, ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ಹಾಗೆ ಎಂದು ಊರಿಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ನಿಂತಿತು. ಶಾಲೆಯಲ್ಲಿ ಆಗಸ್ಟ್ 15ಕ್ಕೆ ಮಾಸ್ತರರು ಕೇಳಿದಾಗ ನಾನೂ ಕೈ ಎತ್ತುತ್ತಿದ್ದೆ. "ನಮ್ಮ ಮುತ್ತಜ್ಜನೂ ಉಪ್ಪಿನ ಗಲಾಟೆಯಲ್ಲಿ ಇದ್ದರು ಸರ್."

ಇದ್ದದ್ದು ನಿಜ. ಆದರೆ ಆ ಕಡೆ.

ಅವರು ಸರ್ಕಾರದ ಉಪ್ಪಿನ ಇಲಾಖೆಯಲ್ಲಿ ಶಿಪಾಯಿ. ಉಪ್ಪು ತೆಗೆಯುವ ಆಗರದಿಂದ ಯಾರೂ ತೆರಿಗೆ ಕಟ್ಟದೆ ಉಪ್ಪು ಒಯ್ಯದಂತೆ ಕಾಯುವುದು ಕೆಲಸ. ಆಗ ಒಂದು ಮಣ ಉಪ್ಪಿಗೆ ಒಂದೂಕಾಲು ರೂಪಾಯಿ ತೆರಿಗೆ. ಮಣ ಎಂದರೆ ಈಗಿನ ಸುಮಾರು 37 ಕಿಲೋ. ನನಗೆ ಇದು ಗೊತ್ತಾಗಿದ್ದು ಅಜ್ಜಿ ತೀರಿಕೊಂಡ ಮೇಲೆ, ಟ್ರಂಕಿನಲ್ಲಿ ಅವರ ಶಿಪಾಯಿ ಕೆಲಸದ ಹಿತ್ತಾಳೆ ಬಿಲ್ಲೆ ಸಿಕ್ಕಾಗ. ಚಿಕ್ಕವಳಿದ್ದಾಗಲೂ ಅದನ್ನು ನೋಡಿದ್ದೆ. ಹಬ್ಬಕ್ಕೆ ಪಾತ್ರೆಗಳ ಜೊತೆ ಅಜ್ಜಿ ಅದನ್ನೂ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು. ದೇವರ ಸಾಮಾನು ಅಂದುಕೊಂಡಿದ್ದೆ.

ದೊಡ್ಡಪ್ಪನನ್ನು ಕೇಳಿದೆ. "ಸರ್ಕಾರದ ಉಪ್ಪು ತಿಂದರು, ಸರ್ಕಾರದ ಉಪ್ಪು ಕಾಯ್ದರು. ಅಷ್ಟೇ. ಅದೆಲ್ಲ ಈಗ ಎಂತಕ್ಕೆ ಮಗಾ?"

ಎಂತಕ್ಕೆ ಅಂದರೆ, ನಾನು ನೃತ್ಯ ಮಾಡುವವಳು. ಕಾರವಾರದಲ್ಲಿ ಎಂಟು ವರ್ಷ ಭರತನಾಟ್ಯ ಕಲಿತು, ಆಮೇಲೆ ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯ ಕಲಿತೆ. ಊರಿಗೆ ವಾಪಸ್ ಬಂದ ಮೇಲೆ ಏನಾದರೂ ಇಲ್ಲಿನದೇ ಮಾಡಬೇಕು ಅನ್ನಿಸುತ್ತಿತ್ತು. 'ಇಲ್ಲಿನದು' ಎಂದಾಗ ಎಲ್ಲರೂ ಸುಗ್ಗಿ ಕುಣಿತದ ಕಡೆ ಕೈ ತೋರಿಸುತ್ತಾರೆ. ಗುಮಟೆ ವಾದ್ಯ ಹಾಕು, ತಲೆಗೆ ತುರಾಯಿ ಕಟ್ಟು, ಜನಕ್ಕೆ ಹಿಡಿಸುತ್ತದೆ ಎಂದವರು ಕಡಿಮೆ ಇಲ್ಲ. ಅದು ಹಾಲಕ್ಕಿ ಒಕ್ಕಲಿಗರದ್ದು, ಹೋಳಿ ಹುಣ್ಣಿಮೆಗೆ ಅವರೇ ಕುಣಿಯುತ್ತಾರೆ, ನೋಡಿ ಖುಷಿಪಡೋಣ. ನನ್ನ ಪಾಲಿಗೆ ಬಂದದ್ದು ಹಿತ್ತಾಳೆ ಬಿಲ್ಲೆ.

ಮೊದಲ ಪ್ರಯತ್ನ ಕೆಟ್ಟದಾಗಿತ್ತು. ಅಭಿನಯದಲ್ಲಿ ಶುರು ಮಾಡಿದೆ. ಲಾಠಿ ಎತ್ತುವ ಶಿಪಾಯಿ, ಏಟು ತಿನ್ನುವ ಸತ್ಯಾಗ್ರಹಿ, ಕೊನೆಗೆ ಶಿಪಾಯಿಗೆ ಪಶ್ಚಾತ್ತಾಪ. ಕಣ್ಣೀರು ಬೇರೆ. ಮುತ್ತಜ್ಜ ಪಶ್ಚಾತ್ತಾಪ ಪಟ್ಟಿದ್ದಕ್ಕೆ ನಮ್ಮ ಮನೆಯಲ್ಲಿ ಒಂದು ಮಾತೂ ಇಲ್ಲ. ಯಾರಿಗಾದರೂ ಹೊಡೆದಿದ್ದಕ್ಕೂ ಇಲ್ಲ. ನನಗೆ ನಾಚಿಕೆಯಾಗುತ್ತಿತ್ತು ಅಂತ ಅವರಿಂದ ಅಳಿಸುತ್ತಿದ್ದೆ.

ದಾರಿ ಸಿಕ್ಕಿದ್ದು ಒಂದು ಮದುವೆಯ ವಿಡಿಯೋದಲ್ಲಿ. ಊಟದ ಪಂಕ್ತಿಯ ಪಕ್ಕ ಅಪ್ಪ ನಿಂತಿದ್ದಾರೆ, ಸ್ವಲ್ಪ ಆಚೆ ದೊಡ್ಡಪ್ಪ. ಇಬ್ಬರದೂ ಕೈ ಬೆನ್ನ ಹಿಂದೆ. ಬಲಗೈ ಎಡಗೈ ಮಣಿಕಟ್ಟು ಹಿಡಿದಿದೆ, ಭಾರವೆಲ್ಲ ಹಿಮ್ಮಡಿಯ ಮೇಲೆ, ಗದ್ದ ತುಸು ಮೇಲೆ. ಇಡೀ ಪಂಕ್ತಿಯನ್ನು ಕಾಯುವವರ ಹಾಗೆ. ಹಿಂದೆ ಬಾಗಿಲ ಹತ್ತಿರ ನಾನು. ಅದೇ ಕೈ, ಅದೇ ಹಿಮ್ಮಡಿ!

ಶಾಲೆಯ ಡ್ರಿಲ್ಲಿನ 'ವಿಶ್ರಾಮ್' ಕೂಡ ಹೀಗೇ ಅಲ್ವಾ? ಕಾಲು ಅಗಲ, ಕೈ ಹಿಂದೆ. ಈಸ್ಟ್ ಇಂಡಿಯಾ ಕಂಪನಿಯವರು ಹದಿನೆಂಟನೇ ಶತಮಾನದಲ್ಲಿ ಇಲ್ಲಿನ ಶಿಪಾಯಿಗಳಿಗೆ ಯುರೋಪಿನ ಕವಾಯತು ಕಲಿಸಿದರು. ಅವರು ಹೋದರು, ಕವಾಯತು ಉಳಿಯಿತು. ಮುತ್ತಜ್ಜನ ನಿಲುವು ನಮ್ಮ ಮನೆಗೆ ರಕ್ತದಲ್ಲಿ ಬಂತೋ, ಶಾಲೆಯ ಅಂಗಳದಿಂದ ಬಂತೋ ಎಂದು ಯಾರಾದರೂ ಕೇಳಬಹುದು. ನನಗೆ ಎರಡರಲ್ಲಿ ಯಾವುದಾದರೂ ಸರಿ. ಮೈಗೆ ಬಂದಿದೆ, ಅಷ್ಟು ಸಾಕು.

ಅಲ್ಲಿಂದ ಕೆಲಸ ಸರಾಗವಾಯಿತು ಎನ್ನಲಾರೆ. ದಿನಕ್ಕೆ ಅರ್ಧ ಗಂಟೆ ಸುಮ್ನೆ ಹಾಗೇ ನಿಂತೆ. ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತದೆ, ಹದಿನೈದಕ್ಕೆ ಮಂಡಿ ಬಿಗಿಯಾಗುತ್ತದೆ. ಆಮೇಲೆ ಒಂದು ವಿಚಿತ್ರ ನಡೆಯುತ್ತದೆ. ಕೈ ಹಿಂದೆ ಕಟ್ಟಿದಾಗ ಎದೆ ತೆರೆಯುತ್ತದೆ, ದೊಡ್ಡವಳಾದ ಹಾಗೆ ಅನ್ನಿಸುತ್ತದೆ. ಆದರೆ ಕೈ ನನ್ನದಲ್ಲ, ಕಟ್ಟಿಹಾಕಿದಂತಿದೆ. ಅಧಿಕಾರ ಮುಂದೆ, ಬೇಡಿ ಹಿಂದೆ. ಇದನ್ನು ಮುಖದಲ್ಲಿ ತೋರಿಸುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಮೈ ಬೇಕಿತ್ತು, ಬಾಗುವ ಮೈ. ಅದಕ್ಕೆ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋದೆ. ಅಘನಾಶಿನಿ ಸಮುದ್ರ ಸೇರುವಲ್ಲಿನ ಉಪ್ಪಿನ ಆಗರ ಅದು. ಸಮುದ್ರ ಉಬ್ಬಿದಾಗ ಬರುವ ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸಿ, ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಮಳೆಗಾಲ ಮುಗಿದ ಮೇಲೆ ಮಡಿ ಸಜ್ಜು ಮಾಡಬೇಕು, ಮತ್ತೆ ಮಳೆ ಬೀಳುವುದರೊಳಗೆ ಉಪ್ಪು ತೆಗೆದಾಗಿರಬೇಕು. ಉದ್ದ ಹಿಡಿಕೆಯ ಮರದ ಹಲಗೆಯಿಂದ ಹರಳನ್ನು ಎಳೆಯುವುದನ್ನು ನೋಡುತ್ತ ಕೂತೆ. ಆ ಸದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡೆ. ಇಡೀ ಪ್ರಯೋಗಕ್ಕೆ ಅದೊಂದೇ ಸಂಗೀತ.

ನನ್ನ ಎಳೆತ ನೋಡಿ ಅಲ್ಲಿನ ಒಬ್ಬ ಅಮ್ಮ ನಕ್ಕರು. "ಹಿಂಗೆ ಎಳೆದ್ರೆ ಅರ್ಧ ಗಂಟೆಗೆ ಮಲಗ್ತೆ. ಕೈಯಲ್ಲಲ್ಲ, ಹಿಂದೆ ಹೆಜ್ಜೆ ಇಡು, ಹಲಗೆ ತಾನಾಗೇ ಬತ್ತದೆ." ಬೆಂಗಳೂರಿನ ತರಗತಿಯಲ್ಲಿ ಮೈಭಾರ ಬಿಟ್ಟುಕೊಟ್ಟು ಚಲಿಸುವುದನ್ನು ವರ್ಷಗಟ್ಟಲೆ ಹೇಳಿಕೊಟ್ಟಿದ್ದರು. ನನಗೆ ಅರ್ಥವಾಗಿದ್ದು ಆ ದಿನ.

ಅಷ್ಟರಲ್ಲಿ ಬ್ರಿಟನ್ನಿನ ನೃತ್ಯಗಾರ ಅಕ್ರಮ್ ಖಾನ್ ಅವರ 'ಕ್ಸೆನೋಸ್' ತುಣುಕುಗಳನ್ನು ನೋಡಿದ್ದೆ. 2018ರ ಪ್ರಯೋಗ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಕಾದಿದ ಭಾರತೀಯ ಸೈನಿಕರ ಬಗ್ಗೆ. ಅದರಲ್ಲಿ ಗೆಜ್ಜೆಯ ಸರ ಗುಂಡಿನ ಪಟ್ಟಿಯಂತೆ ಕಾಣತೊಡಗುತ್ತದೆ. ನೋಡಿ ಹೊಟ್ಟೆಕಿಚ್ಚಾಯಿತು. ನನಗೂ ಅಂಥದೊಂದು ವಸ್ತು ಬೇಕಿತ್ತು. ಬಿಲ್ಲೆಯನ್ನು ಎದೆಗೆ ಕಟ್ಟಿಕೊಂಡು ನೋಡಿದೆ, ನಾಟಕದ ಪೊಲೀಸ್‌ನಂತೆ ಕಂಡೆ. ಬಿಚ್ಚಿಟ್ಟೆ. ಉಪ್ಪನ್ನೇ ತಂದೆ.

ಉಪ್ಪಿನ ಮೇಲೆ ಕುಣಿಯಬೇಕೆನ್ನುವವರಿಗೆ ಕೆಲವು ಮಾತು. 40 ಕಿಲೋ ಕಲ್ಲುಪ್ಪು ಹತ್ತು ಅಡಿ ಚೌಕಕ್ಕೆ ಹರಡಿದರೆ ತೆಳುವಾಗಿ ಸಾಕಾಗುತ್ತದೆ. ಮೊದಲ ವಾರ ಅಂಗಾಲು ಸೀಳುತ್ತದೆ, ಸೀಳಿದ ಜಾಗಕ್ಕೆ ಉಪ್ಪು ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಆದರೆ ಕುಣಿಯುವ ಮೊದಲು ಹಚ್ಚಬೇಡಿ, ಜಾರುತ್ತೀರಿ. ಮತ್ತೆ, ದಯವಿಟ್ಟು ಮಳೆಗಾಲದಲ್ಲಿ ಬೇಡ. ನಾನು ಜುಲೈನಲ್ಲಿ ಒಂದು ಸಭಾಂಗಣದಲ್ಲಿ ಮೊದಲ ಪ್ರಯೋಗ ಇಟ್ಟುಕೊಂಡೆ. ಕರಾವಳಿಯ ಹುಡುಗಿಗೆ ಇಷ್ಟೂ ಗೊತ್ತಾಗಬಾರದಾ? ಸಂಜೆ ಹೊತ್ತಿಗೆ ಉಪ್ಪೆಲ್ಲ ಬೆವರಿ ಪಾಯಸವಾಗಿತ್ತು. ನಡುವೆ ಜಾರಿ ಬಿದ್ದೆ. ಕೆಳಗಿನ ಮರದ ಹಾಸಿಗೂ ನೀರಿಳಿಯಿತು, ಆಮೇಲೆ ಮೊಳೆಗಳು ತುಕ್ಕು ಹಿಡಿದವಂತೆ. ನೋಡಿಕೊಳ್ಳುವವರು ಬೈದರು, ಬೈಯುವಂತೆಯೇ ಇತ್ತು.

ಆದ್ದರಿಂದ ಎರಡನೆಯದನ್ನು ಫೆಬ್ರವರಿಯಲ್ಲಿ ಮಾಡಿದೆ, ನಮ್ಮದೇ ಮನೆಯ ಅಂಗಳದಲ್ಲಿ, ತಾಡಪತ್ರಿಯ ಮೇಲೆ. ಒಟ್ಟು 22 ನಿಮಿಷ. ಮೊದಲ ಆರು ನಿಮಿಷ ಬರೀ ನಿಲ್ಲುವುದು, ಜನರಿಗೆ ಬೆನ್ನು ಹಾಕಿ, ಕಟ್ಟಿದ ಕೈ ಮಾತ್ರ ಕಾಣುವಂತೆ. ಆಮೇಲೆ ಕೈ ಬಿಚ್ಚಿಕೊಳ್ಳುತ್ತದೆ, ಆದರೆ ಬೆನ್ನು ಬಾಗಲು ಒಪ್ಪುವುದಿಲ್ಲ. ಕೊನೆಗೆ ಬಾಗುತ್ತದೆ, ಹಿಂದೆ ಹೆಜ್ಜೆ ಇಟ್ಟು ಉಪ್ಪು ಎಳೆಯುತ್ತದೆ, ಎಳೆದ ಗುಡ್ಡೆಯ ಪಕ್ಕ ಮತ್ತೆ ಕೈ ಕಟ್ಟಿ ನಿಲ್ಲುತ್ತದೆ. ಪಶ್ಚಾತ್ತಾಪ ತೆಗೆದುಹಾಕಿದ್ದೆ.

ಐವತ್ತು ಜನ ಬಂದಿದ್ದರು. ಇದರಲ್ಲಿ ಡ್ಯಾನ್ಸ್ ಎಲ್ಲಿದೆ ಎಂದು ಪಕ್ಕದ ಮನೆಯವರು ಕೇಳಿದರು, ನ್ಯಾಯವಾದ ಪ್ರಶ್ನೆಯೇ. ದೊಡ್ಡಪ್ಪ ಹಿಂದೆ ನಿಂತೇ ನೋಡಿದರು. ನಡುವೆ ಒಮ್ಮೆ ಅವರ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ಎಲ್ಲಿಡಬೇಕೋ ಗೊತ್ತಾಗದೆ ಪಂಚೆಯ ಅಂಚು ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಂಗಳ ಖಾಲಿ. ಉಪ್ಪನ್ನೆಲ್ಲ ಬುಟ್ಟಿಗೆ ತುಂಬಿ ತೆಂಗಿನ ಬುಡಕ್ಕೆ ಹಾಕಿಸಿದ್ದರು.

"ಮುಂದಿನ ಸಲ ಜಾಸ್ತಿ ತಾ ಮಗಾ," ಅಂದರು. "ಹಿತ್ತಲಿನ ಎರಡು ಮರಕ್ಕೆ ಸಾಲಲಿಲ್ಲ."